ಆಗಸ್ಟ್ 15ರ ಕಾರ್ಯಕ್ರಮದಿಂದ ‘ನಾವು’ ಎಂಬ ಭಾವ ಬೆಳೆಯುತ್ತದೆಯೇ?

ಪ್ರಶ್ನೆ: ನಾನು ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಶಿಕ್ಷಕಿ. ಶಾಲೆಯದ್ದರ ಜೊತೆಗೆ ಪಂಚಾಯಿತಿಯ ರಾಷ್ಟ್ರೀಯ ಹಬ್ಬಗಳ ಹೊಣೆಯೂ ನನ್ನ ಮೇಲೆಯೇ ಬೀಳುತ್ತದೆ. ವರ್ಷಕ್ಕೆ ಮೂರು ಸಲ ಧ್ವಜ, ಭಾಷಣ, ಸಿಹಿ. ಇದರಿಂದ ಜನರ ಅಭಿಪ್ರಾಯ ನಿಜಕ್ಕೂ ಬದಲಾಗುತ್ತದೆಯೇ? ದೇಶ ನಮ್ಮದು ಎಂಬ ಭಾವನೆ ಬೆಳೆಯುತ್ತದೆಯೇ? ಬೆಳೆಯುವುದಾದರೆ ನಮ್ಮ ಜಿಲ್ಲೆಯಲ್ಲೇ ಸರ್ಕಾರಿ ಜಯಂತಿಯೊಂದು ಜನರನ್ನು ಒಡೆದದ್ದೇಕೆ? ಸುರಿಯುವ ಮಳೆಯಲ್ಲಿ ನಡೆಸುವ ಕಾರ್ಯಕ್ರಮಕ್ಕೆ ಅರ್ಥ ಬರಬೇಕಾದರೆ ನಾವೇನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ. ಅವನ್ನು ಮೊದಲು ಬಿಡಿಸಿಕೊಳ್ಳೋಣ. ಒಂದು ಜನಾಭಿಪ್ರಾಯ: ಈ ಸರ್ಕಾರ ಸರಿಯೋ ತಪ್ಪೋ, ಈ ನಾಯಕ ಬೇಕೋ ಬೇಡವೋ ಎಂಬಂಥದ್ದು. ಇನ್ನೊಂದು ಗುರುತು: ನಾನು ಯಾರ ಪೈಕಿ, ನನ್ನವರು ಯಾರು ಎಂಬುದು. ಸಮಾರಂಭಗಳಿಗೆ ಮೊದಲನೆಯದರ ಮೇಲೆ ಹಿಡಿತ ಕಡಿಮೆ. ಪ್ರಮಾಣವಚನದ ವೈಭವವನ್ನು ಟಿವಿಯಲ್ಲಿ ನೋಡಿ ಮೆಚ್ಚಿದವರೇ ಗ್ಯಾಸ್ ಸಿಲಿಂಡರ್ ಬೆಲೆ ಏರಿದ ತಿಂಗಳು ಅದೇ ಸರ್ಕಾರವನ್ನು ಬೈಯುತ್ತಾರೆ. ಎರಡನೆಯದರ ಮೇಲೆ ಹಿಡಿತ ದೊಡ್ಡದು, ಆದರೆ ಅದು ಕೂರುವುದು ನಿಧಾನವಾಗಿ. ಅದೇ ದಿನ, ಅದೇ ಕ್ರಮ, ಅದೇ ಹಾಡು ಎಂದು ವರ್ಷಗಟ್ಟಲೆ ಸುತ್ತಿ ಬಂದ ಮೇಲೆ ಅದು ಪ್ರಶ್ನೆಯೇ ಏಳದಷ್ಟು ಸಹಜವಾಗುತ್ತದೆ. ‘ಈ ವರ್ಷದ ಕಾರ್ಯಕ್ರಮದಿಂದ ಏನು ಬದಲಾಯಿತು’ ಎಂದು ಕೇಳಿದರೆ ಉತ್ತರ ಹೆಚ್ಚಾಗಿ ‘ಏನೂ ಇಲ್ಲ’ ಎಂದೇ ಬರುತ್ತದೆ. ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಒಂದು ಮಗು ಏನು ನೋಡುತ್ತಾ ಬಂತು ಎಂದು ಕೇಳಿದರೆ ಉತ್ತರ ಬೇರೆ.

ಇದನ್ನು ಅಳೆಯುವುದು ಕಷ್ಟ. ದೇಶಭಕ್ತಿಯ ಮನೆಯವರೇ ಮಕ್ಕಳನ್ನು ಮೆರವಣಿಗೆಗೆ ಕಳಿಸುತ್ತಾರಾದರೆ, ಭಾವನೆ ಬಂದದ್ದು ಮನೆಯಿಂದಲೋ ಮೆರವಣಿಗೆಯಿಂದಲೋ ಹೇಳಲಾಗದು. ಅಮೆರಿಕದ ಜುಲೈ 4ರ ಸ್ವಾತಂತ್ರ್ಯ ದಿನದ ಬಗ್ಗೆ ನಡೆದ ಅಧ್ಯಯನವೊಂದು ಈ ತೊಡಕನ್ನು ಮಳೆಯ ನೆರವಿನಿಂದ ಬಿಡಿಸಿತು. ಮಳೆ ಬಂದ ವರ್ಷ ಮೆರವಣಿಗೆ, ಪಟಾಕಿ ರದ್ದಾಗುತ್ತವೆ. ಮಳೆ ಯಾರ ಮನೆಯ ರಾಜಕೀಯವನ್ನೂ ನೋಡಿ ಬರುವುದಿಲ್ಲ. ಬಾಲ್ಯದಲ್ಲಿ ಮಳೆಯಿಲ್ಲದ ಜುಲೈ 4ನ್ನು ಹೆಚ್ಚು ಕಂಡವರು ದೊಡ್ಡವರಾದ ಮೇಲೆ ರಿಪಬ್ಲಿಕನ್ ಪಕ್ಷದ ಕಡೆ ವಾಲುವ ಸಾಧ್ಯತೆ ಸ್ವಲ್ಪ ಹೆಚ್ಚು ಎಂದು ಅದರಲ್ಲಿ ಕಂಡಿತು. ಅಲ್ಲಿ ದೇಶಾಭಿಮಾನದ ಸಂಕೇತಗಳನ್ನು ಆ ಪಕ್ಷ ತನ್ನದಾಗಿಸಿಕೊಂಡಿತ್ತು ಎಂಬುದೇ ಇದಕ್ಕೆ ವಿವರಣೆ. ಇದರಲ್ಲಿ ನಮಗೆ ಎರಡು ಪಾಠಗಳಿವೆ. ಪರಿಣಾಮ ಬಾಲ್ಯದಲ್ಲಿ ಬಿದ್ದರೆ ಉಳಿಯುತ್ತದೆ. ಎಲ್ಲರದ್ದಾಗಬೇಕಾದ ದಿನವನ್ನು ಯಾರಾದರೂ ಒಬ್ಬರು ತಮ್ಮದಾಗಿಸಿಕೊಂಡರೆ ಆ ಪರಿಣಾಮ ಅವರ ಖಾತೆಗೆ ಹೋಗುತ್ತದೆ. ಶಾಲಾ ಮೈದಾನದ ಬ್ಯಾನರಿನಲ್ಲಿ ಯಾವ ಪಕ್ಷದ ನಾಯಕರ ಮುಖವೂ ಇರಬಾರದು ಎನ್ನುವುದು ಶಿಷ್ಟಾಚಾರಕ್ಕಷ್ಟೇ ಸಂಬಂಧಿಸಿದ ಮಾತಲ್ಲ.

ಇದು ಒಳಗೆ ಕೆಲಸ ಮಾಡುವ ಬಗೆ ಹೀಗಿದೆ. ಧ್ವಜ ಏರುವಾಗ ನಾನು ಎದ್ದು ನಿಲ್ಲುತ್ತೇನೆ, ಪಕ್ಕದವರೂ ನಿಲ್ಲುತ್ತಾರೆ. ನಾನು ನಿಂತದ್ದನ್ನು ಅವರು ನೋಡಿದರು, ಅವರು ನಿಂತದ್ದನ್ನು ನಾನು ನೋಡಿದೆ. ಮನೆಯಲ್ಲಿ ಒಬ್ಬರೇ ಕೂತು ಸಂವಿಧಾನ ಓದಿದರೆ ಇದು ಆಗುವುದಿಲ್ಲ. ಎಲ್ಲರೂ ಒಪ್ಪಿದ್ದಾರೆ ಎಂಬುದು ಎಲ್ಲರ ಕಣ್ಣಿಗೂ ಒಟ್ಟಿಗೇ ಬೀಳುವುದು ಸಮಾರಂಭದಲ್ಲಿ ಮಾತ್ರ. ರಾಷ್ಟ್ರಗೀತೆಗೆ ನಿಗದಿಯಾಗಿರುವುದು ಸುಮಾರು 52 ಸೆಕೆಂಡ್. ದೆಹಲಿಯ ಗಣರಾಜ್ಯೋತ್ಸವದಲ್ಲಿ 21 ಕುಶಾಲತೋಪುಗಳನ್ನು ಇದೇ 52 ಸೆಕೆಂಡಿಗೆ ಹೊಂದಿಸುತ್ತಾರೆ; ಮೊದಲ ಗುಂಡು ಗೀತೆಯ ಆರಂಭಕ್ಕೆ, ಕೊನೆಯದು ಮುಕ್ತಾಯಕ್ಕೆ. ಅಷ್ಟು ಕರಾರುವಾಕ್ಕಾಗಿ ಮಾಡುವುದು ಸುಮ್ಮನೆ ಅಲ್ಲ. ಸಾವಿರಾರು ಜನರ ಕಿವಿ, ಕಾಲು, ದೃಷ್ಟಿ ಒಂದೇ ತಾಳಕ್ಕೆ ಬಂದಾಗ ಆಗುವ ಪರಿಣಾಮ ಭಾಷಣದಿಂದ ಆಗುವುದಿಲ್ಲ.

ಯಾರು ಎಲ್ಲಿ ನಿಂತರು, ಯಾರಿಗೆ ಯಾರು ಸಲ್ಯೂಟ್ ಹೊಡೆದರು ಎನ್ನುವುದೂ ಮಾತೇ. ಆಗಸ್ಟ್ 15ರಂದು ರಾಜ್ಯಗಳ ರಾಜಧಾನಿಯಲ್ಲಿ ಈಗ ಮುಖ್ಯಮಂತ್ರಿ ಧ್ವಜಾರೋಹಣ ಮಾಡುತ್ತಾರೆ. 1974ಕ್ಕಿಂತ ಮುಂಚೆ ಅದನ್ನು ಮಾಡುತ್ತಿದ್ದವರು ರಾಜ್ಯಪಾಲರು. ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಎಂ. ಕರುಣಾನಿಧಿ ಅವರ ಒತ್ತಾಯದಿಂದ ಅದು ಬದಲಾಯಿತು. ಹಗ್ಗ ಎಳೆಯುವ ಕೈ ಬದಲಾದದ್ದಷ್ಟೇ ಎನ್ನಿಸಬಹುದು. ದೆಹಲಿ ನೇಮಿಸಿದವರ ಬದಲು ಜನರಿಂದ ಆಯ್ಕೆಯಾದವರು ರಾಜ್ಯದ ಪರವಾಗಿ ನಿಂತರು ಎಂಬುದು ಅದರ ಹೂರಣ.

ಕೊಡಗಿನವರಿಗೆ ಇದು ಹೊಸ ವಿಷಯವೇನಲ್ಲ, ಸಮಾರಂಭದ ರಾಜಕೀಯವನ್ನು ಈ ಜಿಲ್ಲೆ ಇನ್ನೂರು ವರ್ಷಗಳಿಂದ ನೋಡಿದೆ. 1834ರಲ್ಲಿ ಚಿಕವೀರ ರಾಜೇಂದ್ರನನ್ನು ಪದಚ್ಯುತಗೊಳಿಸಿ ಇಂಗ್ಲಿಷರು ರಾಜ್ಯ ವಶಪಡಿಸಿಕೊಂಡರು. ಮೂರೇ ವರ್ಷಕ್ಕೆ ಅಮರ ಸುಳ್ಯದ ದಂಗೆ ಎದ್ದಿತು. ಅದನ್ನು ಅಡಗಿಸಿದ ಮೇಲೆ ಅವರು ಎರಡು ಕೆಲಸ ಮಾಡಿದರು. 1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ತಮಗೆ ನಿಷ್ಠರಾಗಿ ಉಳಿದವರಿಗೆ ಆಯುಧ ಹಿಡಿದ ಕೊಡವ ಯೋಧನ ಚಿತ್ರವಿದ್ದ ಚಿನ್ನ, ಬೆಳ್ಳಿಯ ಪದಕಗಳನ್ನು ಮಾಡಿಸಿಕೊಟ್ಟರು. ಆ ಶಿಕ್ಷೆಯೂ ಆ ಸನ್ಮಾನವೂ ಒಂದೇ ಉದ್ದೇಶದ ಎರಡು ಸಮಾರಂಭಗಳು. ಯಾರು ನಮ್ಮವರು, ಯಾರು ಅಲ್ಲ ಎಂದು ಇಡೀ ಸೀಮೆಗೆ ತೋರಿಸುವುದೇ ಗುರಿ. 1852ರಲ್ಲಿ ಅದೇ ಪದಚ್ಯುತ ರಾಜನ ಮಗಳು ಗೌರಮ್ಮನ ದೀಕ್ಷಾಸ್ನಾನ ಲಂಡನ್ನಿನಲ್ಲಿ ನಡೆದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಒಬ್ಬ ಹುಡುಗಿಯ ಧಾರ್ಮಿಕ ವಿಧಿ ಸಾಮ್ರಾಜ್ಯದ ಪ್ರಚಾರವಾಯಿತು. ಇವತ್ತು ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆ ಇದೆ, ಮಾಲಾರ್ಪಣೆ ನಡೆಯುತ್ತದೆ. ಅಂದಿನ ದ್ರೋಹಿ ಇಂದಿನ ಹುತಾತ್ಮ. ಈ ತಿರುವನ್ನು ಊರಿನ ಕಣ್ಣಿಗೆ ಕಾಣಿಸಿದ್ದೂ ಸಮಾರಂಭವೇ.

ದೇಶದ ಗುರುತಿನೊಳಗೆ ಕೊಡಗು ಹೇಗೆ ಬಂತು ಎನ್ನುವುದಕ್ಕೂ ಒಂದು ದಿನಾಂಕವೇ ಸಾಕ್ಷಿ. ಶನಿವಾರಸಂತೆಯಲ್ಲಿ ಹುಟ್ಟಿದ ಕೆ.ಎಂ. ಕಾರ್ಯಪ್ಪ ಅವರು 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಭೂಸೇನೆಯ ಅಧಿಕಾರ ವಹಿಸಿಕೊಂಡರು. ಆ ಹಸ್ತಾಂತರದ ದಿನವೇ ದೇಶಕ್ಕೆಲ್ಲ ಸೇನಾ ದಿನವಾಯಿತು. 2023ರಲ್ಲಿ ಸೇನಾ ದಿನದ ಪಥಸಂಚಲನ ಮೊದಲ ಸಲ ದೆಹಲಿಯಿಂದ ಹೊರಬಂದು ಬೆಂಗಳೂರಿನಲ್ಲಿ ನಡೆಯಿತು. ಕೊಡಗಿನ ಮಗುವಿಗೆ ‘ನಿನ್ನ ಜಿಲ್ಲೆ ದೇಶದ ಕಥೆಯಲ್ಲಿ ಎಲ್ಲಿದೆ’ ಎಂದು ತೋರಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಆದರೂ ಈ ದಾರಿಯಲ್ಲಿ ಒಂದು ಅಪಾಯವಿದೆ, ಅದನ್ನು ಮುಂದೆ ಹೇಳುತ್ತೇನೆ.

ಸರ್ಕಾರಿ ವಿಧಿ ಜನರ ಮನಸ್ಸಿಗೆ ಇಳಿಯುವುದು ಅದು ಅವರ ಸ್ವಂತ ವಿಧಿಯ ಭಾಷೆಯಲ್ಲಿ ಮಾತನಾಡಿದಾಗ. ಕರ್ತವ್ಯದಲ್ಲಿ ಮಡಿದ ಯೋಧನ ಪಾರ್ಥಿವ ಶರೀರ ಊರಿಗೆ ಬಂದಾಗ ನಡೆಯುವುದನ್ನು ಹತ್ತಿರದಿಂದ ಗಮನಿಸಿ. ಶವಪೆಟ್ಟಿಗೆಯ ಮೇಲಿನ ತ್ರಿವರ್ಣದ ಕೇಸರಿ ಪಟ್ಟಿ ತಲೆಯ ಕಡೆಗಿರುತ್ತದೆ. ಗೌರವ ರಕ್ಷೆಯವರು ಗಾಳಿಯಲ್ಲಿ ಗುಂಡು ಹಾರಿಸುತ್ತಾರೆ. ಚಿತೆಗೋ ಗುಂಡಿಗೋ ಇಡುವ ಮುನ್ನ ಧ್ವಜವನ್ನು ತೆಗೆದು ಮಡಚಿ ಮನೆಯವರ ಕೈಗೆ ಕೊಡುತ್ತಾರೆ. ಧ್ವಜವನ್ನು ಶವದೊಂದಿಗೆ ಹೂಳುವಂತಿಲ್ಲ, ಸುಡುವಂತಿಲ್ಲ. ಬೇರೆ ಜಿಲ್ಲೆಗಳಲ್ಲಿ ಗುಂಡಿನ ಸದ್ದು ಸರ್ಕಾರದ್ದು. ಕೊಡವರ ಮನೆಯಲ್ಲಿ ಸಾವಿಗೆ ಎರಡು ಗುಂಡು ಹಾರಿಸುವುದು ಪದ್ಧತಿ, ಗಂಡುಮಗು ಹುಟ್ಟಿದರೆ ಒಂದು. ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಕೋವಿಯ ಸದ್ದು ಕೇಳುತ್ತದೆ. ಹಾಗಾಗಿ ಸೇನೆಯ ಗೌರವ ಗುಂಡು ಇಲ್ಲಿ ಹೊರಗಿನಿಂದ ಬಂದದ್ದು ಅನ್ನಿಸುವುದಿಲ್ಲ. ದೇಶದ ವಿಧಿ, ಒಕ್ಕದ (ಕೊಡವ ಮನೆತನದ) ವಿಧಿ ಎರಡೂ ಅಂಗಳದಲ್ಲಿ ಒಂದಾಗುತ್ತವೆ. ಅಂದು ಅಲ್ಲಿ ಭಾಷಣ ಇರುವುದಿಲ್ಲ, ಬೇಕಾಗುವುದೂ ಇಲ್ಲ.

ಕೈಲ್ ಮುಹೂರ್ತ, ಕಾವೇರಿ ತುಲಾ ಸಂಕ್ರಮಣ, ಪುತ್ತರಿಗೆ ಜಿಲ್ಲಾಧಿಕಾರಿಗಳು ಸ್ಥಳೀಯ ರಜೆ ಘೋಷಿಸುವುದನ್ನೂ ಇದೇ ಸಾಲಿಗೆ ಸೇರಿಸಿ. ಒಂದು ಸಾಲಿನ ಆದೇಶ ಅಷ್ಟೆ. ಆದರೆ ನಿಮ್ಮ ಹಬ್ಬ ನಮ್ಮ ಕ್ಯಾಲೆಂಡರಿನಲ್ಲೂ ಇದೆ ಎಂದು ರಾಜ್ಯ ಹೇಳಿದ ಹಾಗಾಯಿತು.

ಈಗ ನೀವು ಕೇಳಿದ ಜಯಂತಿಯ ವಿಚಾರ. 2015ರಲ್ಲಿ ರಾಜ್ಯ ಸರ್ಕಾರ ನವೆಂಬರ್ 10ರಂದು ಟಿಪ್ಪು ಜಯಂತಿಯನ್ನು ಸರ್ಕಾರಿ ಆಚರಣೆಯಾಗಿ ಆರಂಭಿಸಿತು. ಮಡಿಕೇರಿಯಲ್ಲಿ ಆ ದಿನ ಘರ್ಷಣೆಯಾಗಿ ಜೀವಹಾನಿಯಾಯಿತು. ಮುಂದಿನ ವರ್ಷಗಳಲ್ಲಿ ನಿಷೇಧಾಜ್ಞೆ, ಬಿಗಿ ಬಂದೋಬಸ್ತಿನ ನಡುವೆ ಅದು ನಡೆಯಿತು. 2019ರ ಜುಲೈಯಲ್ಲಿ ಬಂದ ಹೊಸ ಸರ್ಕಾರ ಅದನ್ನು ರದ್ದುಪಡಿಸಿತು. ಟಿಪ್ಪುವಿನ ಬಗ್ಗೆ ಯಾರ ಅಭಿಪ್ರಾಯ ಸರಿ ಎಂಬ ವಾದಕ್ಕೆ ಇಲ್ಲಿ ಇಳಿಯುವುದಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷರೊಡನೆ ಹೋರಾಡುತ್ತ ಸತ್ತ ದೊರೆ ಎಂಬ ನೆನಪು ರಾಜ್ಯದ ಬಹುಭಾಗದ್ದು. ದಂಡೆತ್ತಿ ಬಂದು, ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ದೊರೆ ಎಂಬ ನೆನಪು ಕೊಡಗಿನ ಅನೇಕ ಮನೆಗಳದ್ದು. ಒಬ್ಬ ಇತಿಹಾಸಕಾರ ಎರಡನ್ನೂ ಒಂದೇ ಪುಟದಲ್ಲಿ ಬರೆಯಬಲ್ಲ. ಸಮಾರಂಭಕ್ಕೆ ಆ ಸೌಲಭ್ಯವಿಲ್ಲ. ಹಾರ ಹಾಕುವುದು ಅಥವಾ ಹಾಕದಿರುವುದು, ಎರಡೇ ದಾರಿ. ಖಾಸಗಿ ಸಂಘವೊಂದು ಹಾರ ಹಾಕಿದರೆ ಅದು ಆ ಸಂಘದ ಮಾತು. ಜಿಲ್ಲಾಡಳಿತ ಹಾಕಿದರೆ ‘ನಾವೆಲ್ಲರೂ’ ಹಾಕಿದಂತೆ. ನನ್ನ ಹೆಸರನ್ನೂ ಸೇರಿಸಿ ಹೇಳಿದರಲ್ಲ ಎಂಬುದೇ ಒಪ್ಪದವರ ಸಂಕಟ. ಮತ್ತೊಂದು ಕಡೆ, ವಿರೋಧ ಬೀದಿಗೆ ಬಂದಾಗ ಜಿಲ್ಲೆಯ ಮುಸ್ಲಿಂ ಕುಟುಂಬಗಳಿಗೆ ಅದು ಒಬ್ಬ ದೊರೆಯ ವಿರುದ್ಧದ ಕೂಗಾಗಿ ಕೇಳಿಸಲಿಲ್ಲ, ತಮ್ಮ ವಿರುದ್ಧದ ಕೂಗಾಗಿ ಕೇಳಿಸಿತು. ಆ ಸಂಕಟವೂ ಅಷ್ಟೇ ನಿಜ. ಜನ ಸೇರದಂತೆ ನಿಷೇಧಾಜ್ಞೆ ಹೊರಡಿಸಿ ನಡೆಸಬೇಕಾದ ಸಾರ್ವಜನಿಕ ಸಮಾರಂಭ ತನ್ನ ಕೆಲಸವನ್ನು ಅಲ್ಲಿಗೇ ಕಳೆದುಕೊಂಡಿರುತ್ತದೆ. ಅದನ್ನು ಯಾರು ಆರಂಭಿಸಿದರು, ಯಾರು ನಿಲ್ಲಿಸಿದರು ಎಂಬುದರ ಮೇಲೆ ಈ ಮಾತು ನಿಂತಿಲ್ಲ.

ದಿನಾಂಕ ಆರಿಸುವಾಗ ಗಾಯದ ಮೇಲೆ ಕೈ ಬೀಳುತ್ತದೆಯೇ ಎಂದು ನೋಡಿದ ದೇಶಗಳೂ ಇವೆ, ನೋಡದ ದೇಶಗಳೂ ಇವೆ. ಬರ್ಲಿನ್ ಗೋಡೆ ಬಿದ್ದದ್ದು 1989ರ ನವೆಂಬರ್ 9ರಂದು. ಜರ್ಮನಿ ಅದನ್ನೇ ರಾಷ್ಟ್ರೀಯ ದಿನ ಮಾಡಿಕೊಳ್ಳಬಹುದಿತ್ತು. ಆದರೆ 1938ರಲ್ಲಿ ಯಹೂದಿಗಳ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದದ್ದೂ ಅದೇ ತಾರೀಕಿನ ರಾತ್ರಿ. ಹಾಗಾಗಿ ಅವರು 1990ರ ಅಕ್ಟೋಬರ್ 3ನ್ನು, ಅಂದರೆ ಎರಡು ಜರ್ಮನಿಗಳು ಕಾನೂನಿನ ಪ್ರಕಾರ ಒಂದಾದ ದಿನವನ್ನು ಆರಿಸಿಕೊಂಡರು. ಸಪ್ಪೆ ದಿನಾಂಕ, ಆದರೆ ಯಾರನ್ನೂ ನೋಯಿಸುವುದಿಲ್ಲ. ಆಸ್ಟ್ರೇಲಿಯ ಜನವರಿ 26ನ್ನು ಇಟ್ಟುಕೊಂಡಿದೆ. ಇಂಗ್ಲಿಷರ ಹಡಗುಗಳು ಬಂದು ನೆಲೆ ಹೂಡಿದ ದಿನ ಅದು. ಅಲ್ಲಿನ ಮೂಲನಿವಾಸಿಗಳು 1938ರಲ್ಲೇ ಅದನ್ನು ಶೋಕದಿನವಾಗಿ ಆಚರಿಸಿದರು. ಜಗಳ ಇಂದಿಗೂ ಮುಗಿದಿಲ್ಲ. ನಮ್ಮ ಜನವರಿ 26ರ ಆಯ್ಕೆ ಚೆನ್ನಾಗಿ ಯೋಚಿಸಿದ್ದು. 1930ರ ಜನವರಿ 26ರಂದು ಊರೂರಲ್ಲಿ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಓದಲಾಗಿತ್ತು. ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ರಂದೇ ಆದರೂ ಅದರ ಜಾರಿಗೆ ಆ ಹಳೆಯ ದಿನಕ್ಕಾಗಿ ಕಾದರು. ಜನರು ಆಗಲೇ ತಮ್ಮದೆಂದುಕೊಂಡಿದ್ದ ದಿನದ ಮೇಲೆ ಗಣರಾಜ್ಯ ಕೂತಿತು.

ನವೆಂಬರ್ 1 ಕೊಡಗಿನಲ್ಲಿ ಸ್ವಲ್ಪ ನಾಜೂಕಿನ ದಿನ. ಸಿ.ಎಂ. ಪೂಣಚ್ಚ ಅವರು ಮುಖ್ಯಮಂತ್ರಿಯಾಗಿದ್ದ ಪ್ರತ್ಯೇಕ ಕೊಡಗು ರಾಜ್ಯ 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. 1952ರ ಚುನಾವಣೆಯಲ್ಲೇ ವಿಲೀನ ವಿರೋಧಿಸಿದ ತಕ್ಕಡಿ ಪಕ್ಷ 24ರಲ್ಲಿ 9 ಸ್ಥಾನ ಗೆದ್ದಿತ್ತು. ಆದ್ದರಿಂದ ‘ಕರ್ನಾಟಕ ಒಂದಾದ ದಿನ’ ಎಂಬ ಮಾತು ಕೆಲವು ಹಿರಿಯರ ಕಿವಿಗೆ ‘ನಮ್ಮ ರಾಜ್ಯ ಹೋದ ದಿನ’ ಎಂದೂ ಕೇಳುತ್ತದೆ. ರಾಜ್ಯೋತ್ಸವವನ್ನು ಕೈಬಿಡಬೇಕು ಎನ್ನುವುದಿಲ್ಲ, ನನ್ನ ಪ್ರಕಾರ ಬಿಡಲೇಬಾರದು. ಎರಡೂ ಸಂಗತಿಗಳನ್ನು ಮಕ್ಕಳಿಗೆ ನೇರವಾಗಿ ಹೇಳಿ. ಕನ್ನಡದ ಹಬ್ಬದಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ, ಕುರುಬ ಮಾತಿನ ಮಕ್ಕಳು ತಮ್ಮ ಮಾತಿನಲ್ಲೇ ಒಂದೊಂದು ಹಾಡು ಹೇಳಲಿ. ರಾಜ್ಯವೇ ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿಗಳನ್ನು ಕಟ್ಟಿರುವಾಗ ವೇದಿಕೆಯಲ್ಲಿ ಹಿಂಜರಿಕೆ ಬೇಕಿಲ್ಲ. ದಕ್ಷಿಣ ಆಫ್ರಿಕಾ 1997ರಲ್ಲಿ ಹೋರಾಟದ ಹಾಡನ್ನೂ ಹಳೆಯ ಬಿಳಿಯರ ಆಡಳಿತದ ಗೀತೆಯನ್ನೂ ಸೇರಿಸಿ ಐದು ಭಾಷೆಗಳ ಒಂದೇ ರಾಷ್ಟ್ರಗೀತೆ ಮಾಡಿಕೊಂಡಿತು. ಸೋತವರ ಸಾಲು ಕೂಡ ಗೀತೆಯೊಳಗೆ ಉಳಿಯಿತು.

ಮೇಲೆ ಹೇಳಿದ ಅಪಾಯ ಇದು. ಕೊಡಗಿನ ವೇದಿಕೆಗಳಲ್ಲಿ ದೇಶಸೇವೆ ಎಂದರೆ ಸೇನೆ, ಸೇನೆ ಎಂದರೆ ಕೆಲವೇ ಮನೆತನಗಳು ಎಂಬ ಚಿತ್ರ ಬೇಗ ಕಟ್ಟಿಕೊಳ್ಳುತ್ತದೆ. ಕಾರ್ಯಪ್ಪ, ತಿಮ್ಮಯ್ಯ ಅವರ ಹೆಸರನ್ನು ಎಷ್ಟು ಹೇಳಿದರೂ ಕಡಿಮೆಯೇ. ಆದರೆ ಬುಡಕಟ್ಟು ಜನರ ಹಾಡಿಯಿಂದ ಬರುವ ಜೇನುಕುರುಬರ ಹುಡುಗಿ, ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಹುಡುಗ ವರ್ಷಾನುವರ್ಷ ಆ ಪಟ್ಟಿಯಲ್ಲಿ ತಮ್ಮಂಥವರ ಒಂದು ಹೆಸರನ್ನೂ ಕೇಳದಿದ್ದರೆ, ಅವರು ಕಲಿಯುವ ಪಾಠ ‘ಇದು ಅವರ ದೇಶ’ ಎಂಬುದು. ಮಗು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆ ದಿನ ಶಾಲೆಗೆ ಬರುವುದಿಲ್ಲ ಅಷ್ಟೆ. ಜನವರಿ 26ರ ಹಾಜರಾತಿಯನ್ನು ಹಾಡಿವಾರು, ಲೈನ್ ಮನೆವಾರು ಒಮ್ಮೆ ತೆಗೆದು ನೋಡಿ. ಅದು ಕಾಫಿ ಕೊಯ್ಲಿನ ಕಾಲವೂ ಹೌದು, ಬೆಳಿಗ್ಗೆ ಎಂಟಕ್ಕೆ ತಂದೆತಾಯಿ ತೋಟದಲ್ಲಿರುತ್ತಾರೆ. ಗೈರುಹಾಜರಿಗೆ ಕಾರಣ ಇದೋ ಅದೋ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಕೊಯ್ಲು ಕಾರಣವಾದರೆ ತೋಟದ ಮಾಲೀಕರ ಜೊತೆ ವಾರದ ಮೊದಲೇ ಮಾತನಾಡಿ ಸಮಯ ಹೊಂದಿಸಬಹುದು.

ಇನ್ನು ಕೆಲಸದ ಮಾತು. ಆಗಸ್ಟ್ 15ಕ್ಕೆ ನಿಮ್ಮಲ್ಲಿ ನಾಟಿಯ ಮಳೆ. 2018ರಲ್ಲಿ ಆ ದಿನದ ಸುತ್ತಮುತ್ತಲೇ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಕುಸಿದವು. ಹಾಗಾಗಿ ಒಣ ಜಿಲ್ಲೆಗಳ ಕಾರ್ಯಕ್ರಮದ ನಕಲು ಇಲ್ಲಿ ನಡೆಯದು. ಜಿಲ್ಲಾಡಳಿತದ ರೆಡ್ ಅಲರ್ಟ್ ಇದ್ದರೆ ಮಕ್ಕಳನ್ನು ಕರೆಸಲೇಬೇಡಿ. ಸಿಬ್ಬಂದಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಧ್ವಜಾರೋಹಣ ಮಾಡಲಿ. ಮಕ್ಕಳ ಭಾಗವನ್ನು ಮಳೆ ಬಿಟ್ಟ ಮೊದಲ ದಿನಕ್ಕೆ ಇಟ್ಟುಕೊಳ್ಳಿ.

ಕಂಬದಿಂದ ಶುರುಮಾಡೋಣ, ಎಲ್ಲ ಕೆಡುವುದು ಅಲ್ಲೇ. ಧ್ವಜದ ಉದ್ದ ಅಗಲ 3:2 ಇರಬೇಕು. ಕಂಬದ ಎತ್ತರದ ನಾಲ್ಕನೇ ಒಂದು ಭಾಗದಷ್ಟು ಧ್ವಜದ ಉದ್ದ ಎಂಬುದು ರೂಢಿಯ ಲೆಕ್ಕ. ಸುಮಾರು 18 ಅಡಿ ಕಂಬಕ್ಕೆ 1350×900 ಮಿಲಿಮೀಟರ್, 24 ಅಡಿಗೆ 1800×1200 ಹೊಂದುತ್ತದೆ. ಖಾದಿ ಧ್ವಜ ಮಳೆ ಹೀರಿದರೆ ಭಾರವಾಗಿ ಕಂಬಕ್ಕೇ ಅಂಟಿ ನೇತಾಡುತ್ತದೆ. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಯಂತ್ರದಲ್ಲಿ ಮಾಡಿದ್ದಕ್ಕೂ ಪಾಲಿಯೆಸ್ಟರ್‌ಗೂ ಅನುಮತಿ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಧ್ವಜದ ಮೇಲಿನ ಗೌರವ ನನಗೆ ಕಡಿಮೆಯಿಲ್ಲ. ಅದನ್ನು ಜನವರಿ 26ಕ್ಕೂ ನವೆಂಬರ್‌ನ ಒಣ ದಿನಗಳಿಗೂ ಇಟ್ಟುಕೊಂಡು ಆಗಸ್ಟಿಗೆ ಬೇಗ ಒಣಗುವ ಬಟ್ಟೆ ಬಳಸಿ. ಮಳೆಯಲ್ಲಿ ಧ್ವಜ ಹಾರಿಸಬಾರದೆಂಬ ನಿಯಮವಿಲ್ಲ. ಹರಿದದ್ದು, ಮಾಸಿದ್ದು ಹಾರಬಾರದು.

ಹತ್ತಿಯ ಹಗ್ಗ ನೆನೆದರೆ ಉಬ್ಬುತ್ತದೆ, ಜಾರುಗಂಟು ಬಿಗಿದುಕೊಳ್ಳುತ್ತದೆ. ಮುಖ್ಯ ಅತಿಥಿ ಎಳೆಯುತ್ತಾರೆ, ಬಿಚ್ಚುವುದಿಲ್ಲ. ಜೋರಾಗಿ ಎಳೆದರೆ ಧ್ವಜವೇ ಕೆಳಗೆ ಬರುತ್ತದೆ. ಆರೆಂಟು ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗ ಹಾಕಿಸಿ. ರಾಟೆಗೆ ಒಂದು ವಾರ ಮೊದಲು ಗ್ರೀಸ್ ಹಚ್ಚಿಸಿ. ತಾಲೀಮಿನ ದಿನ ಅಷ್ಟೇ ಅಳತೆಯ ಬೇರೆ ಬಟ್ಟೆಯನ್ನು, ಧ್ವಜವನ್ನಲ್ಲ, ಕಟ್ಟಿ ಹಗ್ಗಕ್ಕೆ ಎರಡು ಚೊಂಬು ನೀರು ಸುರಿದು ಎಳೆದು ನೋಡಿ. ಒಳಗೆ ಹೂವಿನ ಎಸಳು ತುಂಬಲು ಅವಕಾಶವಿದೆ. ಮಳೆಗಾಲದಲ್ಲಿ ಒದ್ದೆ ಎಸಳು ಬಟ್ಟೆಗೆ ಅಂಟಿಕೊಳ್ಳುತ್ತದೆ, ಒಣ ಚೆಂಡುಹೂವಿನ ಎಸಳು ಒಂದು ಹಿಡಿ ಸಾಕು. ಆಗಸ್ಟ್ 15ರಂದು ಧ್ವಜ ಕೆಳಗಿನಿಂದ ಮೇಲೇರಬೇಕು, ಜನವರಿ 26ರಂದು ಮೇಲೆ ಕಟ್ಟಿದ್ದನ್ನು ಬಿಚ್ಚಬೇಕು. ಎರಡೂ ದಿನ ಒಂದೇ ತರಹ ಮಾಡುವ ಶಾಲೆಗಳೇ ಹೆಚ್ಚು. ಆಗಸ್ಟ್ 15ರ ಏರುವಿಕೆ ಹೊಸ ದೇಶ ಎದ್ದದ್ದರ ಗುರುತು. ಜನವರಿ 26ರ ಹೊತ್ತಿಗೆ ದೇಶ ಆಗಲೇ ಸ್ವತಂತ್ರವಾಗಿತ್ತು. ಈ ವ್ಯತ್ಯಾಸವನ್ನು ಮಗು ಕಣ್ಣಾರೆ ನೋಡಿದರೆ ಪಾಠ ಬೇಕಿಲ್ಲ. ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ. ಸಂಜೆ ಇಳಿಸಿದ ಮೇಲೆ ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚಿ, ಎರಡೂ ಬದಿಯಿಂದ ನಡುವಿಗೆ ತಂದು ಚಕ್ರ ಮೇಲೆ ಕಾಣುವಂತೆ ಅಂಗೈಗಳ ಮೇಲೆ ಹೊತ್ತೊಯ್ಯಬೇಕು. ಬೆಳಗಿನ ಗದ್ದಲದಲ್ಲಿ ಅವಕಾಶ ಸಿಗದ ನಾಲ್ಕು ಮಕ್ಕಳಿಗೆ ಈ ಸಂಜೆಯ ಕೆಲಸ ಕೊಡಿ. ಮಕ್ಕಳು ಇದನ್ನು ಮರೆಯುವುದಿಲ್ಲ.

ರಾಷ್ಟ್ರಗೀತೆಯನ್ನು ಮೊಬೈಲಿನಿಂದ ಸ್ಪೀಕರಿಗೆ ಹಾಕಬೇಡಿ. ರೆಕಾರ್ಡ್ ಹಾಕಿದ ಕೂಡಲೇ ಹಾಡುವ ಬಾಯಿಗಳು ಮುಚ್ಚುತ್ತವೆ, ಜನ ಪ್ರೇಕ್ಷಕರಾಗುತ್ತಾರೆ. ಹಾಡು ಹದಗೆಡುವುದು ಶ್ರುತಿಯಿಂದ. ಉತ್ಸಾಹದಲ್ಲಿ ಎತ್ತರದಲ್ಲಿ ಹಿಡಿದರೆ ‘ಜಯ ಹೇ’ ಬರುವಾಗ ಅರ್ಧ ಮಕ್ಕಳ ಸ್ವರ ಒಡೆಯುತ್ತದೆ. ಹಾರ್ಮೋನಿಯಂ ಇದ್ದರೆ ಒಂದು ಮನೆ ಕೆಳಗೆ ಹಿಡಿದು ನಾಲ್ಕು ಮಕ್ಕಳ ತಂಡ ಮುಂದಾಳಾಗಲಿ. ನಾಡಗೀತೆಗೆ ಸರ್ಕಾರ 2022ರಲ್ಲಿ ಮೈಸೂರು ಅನಂತಸ್ವಾಮಿ ಅವರ ಧಾಟಿ, ಎರಡೂವರೆ ನಿಮಿಷ ಎಂದು ನಿಗದಿ ಮಾಡಿದೆ, ಅದರಂತೆ ಅಭ್ಯಾಸವಾಗಲಿ.

ಒಟ್ಟು ಕಾರ್ಯಕ್ರಮ 40 ನಿಮಿಷ ಮೀರಬಾರದು, ನಿಂತಿರುವ ಭಾಗ 15 ನಿಮಿಷ. ಮಕ್ಕಳು ತಲೆ ತಿರುಗಿ ಬೀಳುವುದು ಖಾಲಿ ಹೊಟ್ಟೆ, ಮಂಡಿ ಬಿಗಿದು ಅಲ್ಲಾಡದೆ ನಿಲ್ಲುವುದು, ಇವೆರಡರಿಂದಲೇ ಹೆಚ್ಚು. ಮೊದಲೇ ಉಪ್ಪಿಟ್ಟು ಕೊಡಿ, ಆಮೇಲೆ ಸಿಹಿ. ಮಳೆ ಜೋರಾದರೆ ಮಕ್ಕಳೆಲ್ಲ ಜಗಲಿಯಲ್ಲಿ ಕಂಬಕ್ಕೆ ಮುಖ ಮಾಡಿ ನಿಲ್ಲಲಿ. ಅಂಗಳಕ್ಕೆ ಇಳಿಯುವವರು ನಾಲ್ಕೈದು ದೊಡ್ಡವರಷ್ಟೇ. ಮಕ್ಕಳು ನೆನೆಯುವಾಗ ಅತಿಥಿಗಳು ಶಾಮಿಯಾನದಡಿ ಕೂತರೆ ಅಂದಿನ ಎಲ್ಲ ಭಾಷಣಗಳಿಗಿಂತ ಜೋರಾಗಿ ಕೇಳಿಸುವುದು ಆ ದೃಶ್ಯವೇ.

ಭಾಷಣ ಒಂದೇ ಇರಲಿ, ಐದು ನಿಮಿಷ. ಉಳಿದ ಸಮಯಕ್ಕೆ ಸಂವಿಧಾನದ ಪ್ರಸ್ತಾವನೆಯನ್ನು ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಓದಲಿ. 2023ರ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಇದನ್ನು ಓದಿಸಲಾಯಿತು. ಮರುವರ್ಷ ಬೀದರಿನಿಂದ ಚಾಮರಾಜನಗರದವರೆಗೆ ಸುಮಾರು 2,500 ಕಿಲೋಮೀಟರ್ ಮಾನವ ಸರಪಳಿ ನಡೆಯಿತು. ದಾಖಲೆಯ ಉದ್ದಕ್ಕಿಂತ, ಪ್ರತಿಯೊಬ್ಬರ ಬಾಯಿಂದ ‘ನಾವು’ ಎಂಬ ಪದ ಹೊರಟದ್ದೇ ನನಗೆ ಮುಖ್ಯವೆನಿಸುತ್ತದೆ. ಓದಿಸುವ ಸರದಿ ಪ್ರತಿ ಸಲ ಬೇರೆ ಮಗುವಿನದ್ದಾಗಲಿ, ಪ್ರಥಮ ರ‍್ಯಾಂಕಿನವರದ್ದೇ ಆಗುವುದು ಬೇಡ.

ಸನ್ಮಾನದ ಪಟ್ಟಿಯನ್ನು ಜುಲೈ ಮೊದಲ ವಾರದಲ್ಲೇ ಕೂತು ಮಾಡಿ. ಪಂಚಾಯಿತಿ ವ್ಯಾಪ್ತಿಯಿಂದ ಸೇನೆಗೆ ಹೋದವರ ಪೂರ್ಣ ಹೆಸರುಗಳನ್ನು ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯಲ್ಲಿ ಕೇಳಿದರೆ ಎಲ್ಲ ಸಮುದಾಯದವರೂ ಸಿಗುತ್ತಾರೆ. ಬಾಯಿಮಾತಿನ ಪಟ್ಟಿಯಲ್ಲಿ ಬಿಟ್ಟುಹೋಗುವವರು ಪ್ರತಿ ಸಲ ಅವರೇ ಆಗಿರುತ್ತಾರೆ. ಜೊತೆಗೆ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಮಳೆಯಲ್ಲಿ ಕಂಬ ಹತ್ತಿದ ವಿದ್ಯುತ್ ಕಂಪನಿಯ (ಸೆಸ್ಕ್) ಲೈನ್‌ಮ್ಯಾನ್, ಹಾಡಿಗಳಿಗೆ ನಡೆದು ಹೋದ ಆಶಾ ಕಾರ್ಯಕರ್ತೆ, ಮಕ್ಕಳಿಗೆ ಬಿಸಿಯೂಟ ಬೇಯಿಸುವವರು ಇರಲಿ. ಒಂದು ವರ್ಷಕ್ಕೆ ಮೂವರಿಗಿಂತ ಹೆಚ್ಚು ಬೇಡ. ಇಪ್ಪತ್ತು ಶಾಲು ಹೊದಿಸಿದರೆ ಇಪ್ಪತ್ತೂ ಮರೆತುಹೋಗುತ್ತವೆ. ಆಮಂತ್ರಣ ಪತ್ರಿಕೆಯಲ್ಲಿ ಹೆಸರುಗಳ ಕ್ರಮಕ್ಕೆ ತಾಲ್ಲೂಕು ಕಚೇರಿಯ ಶಿಷ್ಟಾಚಾರ ಪಟ್ಟಿಯನ್ನು ಹಾಗೆಯೇ ಅನುಸರಿಸಿ. ಅಲ್ಲಿ ಸ್ವಂತ ಬುದ್ಧಿ ಓಡಿಸಿದರೆ ಜಗಳ ಖಂಡಿತ.

ಮಕ್ಕಳು ಕೈಯಲ್ಲಿ ಹಿಡಿದ ಸಣ್ಣ ಧ್ವಜಗಳನ್ನು ಹೊರಡುವಾಗ ಗೇಟಿನಲ್ಲೇ ಎಣಿಸಿ ವಾಪಸ್ ಪಡೆಯಿರಿ, ಇಲ್ಲವಾದರೆ ಸಂಜೆಗೆ ಅವು ಚರಂಡಿಯಲ್ಲಿ ಸಿಗುತ್ತವೆ. ಹಾಳಾದದ್ದನ್ನು ಪೂರ್ತಿಯಾಗಿ, ಖಾಸಗಿಯಾಗಿ, ಸುಟ್ಟೋ ಗೌರವಕ್ಕೆ ಕುಂದು ಬಾರದ ಬೇರೆ ಬಗೆಯಲ್ಲೋ ನಾಶಪಡಿಸಬೇಕು ಎಂಬುದು ಧ್ವಜ ಸಂಹಿತೆಯ ಸೂಚನೆ.

ಕಾರ್ಯಕ್ರಮ ಫಲ ಕೊಟ್ಟಿತೇ ಎಂದು ತಿಳಿಯಲು ಒಂದು ವಾರ ಬಿಟ್ಟು ಎಂಟನೇ ತರಗತಿಯ ಮಕ್ಕಳಿಗೆ ಮೂರು ಪ್ರಶ್ನೆ ಕೊಡಿ, ಹೆಸರು ಬರೆಯಿಸಬೇಡಿ. ಅಂದು ನೀನು ಏನು ಮಾಡಿದೆ? ವೇದಿಕೆಯಲ್ಲಿ ಹೇಳಿದ ಹೆಸರುಗಳಲ್ಲಿ ನಿನಗೆ ಗೊತ್ತಿರುವವರು ಯಾರು? ನಿಮ್ಮ ಮನೆಯಿಂದ ಯಾರು ಬಂದಿದ್ದರು? ಮೊದಲ ಪ್ರಶ್ನೆಗೆ ‘ನೋಡಿದೆ’, ‘ನಿಂತಿದ್ದೆ’ ಎಂಬ ಉತ್ತರಗಳೇ ತುಂಬಿದ್ದರೆ ಮುಂದಿನ ಸಲ ಕೆಲಸಗಳನ್ನು ಇನ್ನಷ್ಟು ಮಕ್ಕಳಿಗೆ ಹಂಚಬೇಕು. ಎರಡನೆಯದರಲ್ಲಿ ಖಾಲಿ ಬಿಟ್ಟ ಹಾಳೆಗಳು ಯಾವ ಹಾಡಿಯ, ಯಾವ ಲೈನ್ ಮನೆಯ ಮಕ್ಕಳದ್ದು ಎಂಬುದು ಹೆಸರಿಲ್ಲದಿದ್ದರೂ ನಿಮಗೆ ಅಕ್ಷರ ನೋಡಿಯೇ ತಿಳಿಯುತ್ತದೆ. ಮುಂದಿನ ಜುಲೈಯ ಪಟ್ಟಿಯನ್ನು ಆ ಹಾಳೆಗಳಿಂದಲೇ ಶುರುಮಾಡಿ.